ತಂತ್ರಾಂಶ ನಿರ್ಮಾಣದಲ್ಲಿ ಸ್ವಯಂಚಾಲನೆ

ಬ್ಯಾಂಕಿನಲ್ಲಿ ಹಣ ಜಮಾ ಮಾಡುವವರಿಗೂ, ರೈಲಿನ ಟಿಕೆಟನ್ನು ಮುಂಗಡವಾಗಿ ಕಾದಿರಿಸುವವರಿಗೂ, ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕಾಗಿ ಮಕ್ಕಳೊಡನೆ ಕಾತರದಿಂದ ಕುಳಿತ ತಂದೆತಾಯಿಗಳಿಗೂ ಕಾಣುವುದು ಗಣಕಯಂತ್ರದ ಪರದೆಯೊಂದೇ. ಆ ಪರದೆಯ ಹಿಂದೆ ತಂತ್ರಾಂಶವೆಂಬುದು ದುಡಿಯುತ್ತಿರುತ್ತದೆಂಬ ಸಂಗತಿ ಇಂದು ಯಾರಿಗೂ ಹೊಸದಲ್ಲ. ಆದರೆ ಇಂಜಿನಿಯರೊಬ್ಬನು ತನ್ನ ಮೇಜಿನ ಮುಂದೆ ಕುಳಿತು ಬರೆದ ನಾಲ್ಕು ಸಾಲುಗಳು ಸಾವಿರಾರು ಮೈಲಿ ದೂರದ ಯಂತ್ರಗಳನ್ನು ಸೇರಿ ಕೆಲಸ ಮಾಡತೊಡಗುವ ತನಕದ ನಡುದಾರಿ ಎಂತಹುದು, ಆ ದಾರಿಯಲ್ಲಿ ಏನೇನು ಎಡವಟ್ಟುಗಳು ಸಂಭವಿಸುತ್ತವೆ, ಅವನ್ನು ತಡೆಯಲು ಕಳೆದ ಅರ್ಧ ಶತಮಾನದಲ್ಲಿ ಯಾವ ಏರ್ಪಾಡುಗಳು ರೂಪುಗೊಂಡಿವೆ ಎಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಕನ್ನಡ ಶಾಲೆಗಳಲ್ಲಿ ಓದಿದ ಅನೇಕ ತರುಣ ತರುಣಿಯರು ಇಂದು ಇದೇ ಕಸುಬಿನಲ್ಲಿ ಅನ್ನ ಸಂಪಾದಿಸುತ್ತಿರುವುದರಿಂದ, ಅವರ ದಿನನಿತ್ಯದ ದುಡಿಮೆಯ ಈ ಮುಖವನ್ನು ಅವರ ಗುರುಗಳೂ ಹಿರಿಯರೂ ಅರಿತುಕೊಳ್ಳುವುದು ಉಚಿತವೇ ಆಗಿದೆ.

ಮುದ್ರಣಾಲಯದ ಪರಿಚಯವುಳ್ಳವರಿಗೆ ಈ ನಡುದಾರಿಯನ್ನು ವಿವರಿಸುವುದು ಕಷ್ಟವಲ್ಲ. ಲೇಖಕನ ಹಸ್ತಪ್ರತಿ ಮುದ್ರಣಾಲಯಕ್ಕೆ ಹೋಗುತ್ತದೆ. ಅಲ್ಲಿ ಅಕ್ಷರಜೋಡಣೆಯಾಗುತ್ತದೆ. ಬಳಿಕ ಕರಡಚ್ಚು ತೆಗೆದು ತಪ್ಪುಗಳನ್ನು ತಿದ್ದುತ್ತಾರೆ. ತಿದ್ದಿದ ಪುಟಗಳು ಅಚ್ಚಾಗಿ, ಹೊಲಿಗೆಗೊಂಡು, ರಟ್ಟು ಹೊದ್ದು ಓದುಗರ ಕೈ ಸೇರುತ್ತವೆ. ತಂತ್ರಾಂಶದ ಹಾದಿಯೂ ಬಹುಮಟ್ಟಿಗೆ ಇದೇ. ಇಂಜಿನಿಯರು ಬರೆಯುವುದು ಮನುಷ್ಯರು ಓದಬಲ್ಲ ಮೂಲಪಾಠ. ಅದನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ಪರಿವರ್ತಿಸಿ, ಬೇಕಾದ ಇತರ ಭಾಗಗಳೊಡನೆ ಕೂಡಿಸಿ ಒಂದುಗೂಡಿಸುವ ಕಾರ್ಯಕ್ಕೆ ‘ಬಿಲ್ಡ್’, ಅಂದರೆ ನಿರ್ಮಾಣ, ಎಂದು ಹೆಸರು. ಹಾಗೆ ನಿರ್ಮಾಣವಾದುದು ಉದ್ದೇಶಿಸಿದಂತೆ ನಡೆಯುತ್ತದೆಯೇ ಎಂದು ನೋಡುವುದು ಪರೀಕ್ಷೆ. ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನು ಜನರು ಬಳಸುವ ಯಂತ್ರಗಳಿಗೆ ಸಾಗಿಸಿ ಚಾಲನೆಗೊಳಿಸುವುದು ‘ಡಿಪ್ಲಾಯ್‌ಮೆಂಟ್’, ಅಂದರೆ ನಿಯೋಜನೆ.

ಆದರೆ ಪುಸ್ತಕಕ್ಕೂ ತಂತ್ರಾಂಶಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಪುಸ್ತಕದ ನಲವತ್ತನೆಯ ಪುಟದಲ್ಲಿ ಒಂದು ಅಕ್ಷರ ತಪ್ಪಿದರೆ ಇನ್ನೂರನೆಯ ಪುಟದ ಅರ್ಥ ಕೆಡುವುದಿಲ್ಲ. ತಂತ್ರಾಂಶದಲ್ಲಿ ಕೆಡಬಹುದು. ಎಲ್ಲಿಯೋ ಒಂದು ಮೂಲೆಯಲ್ಲಿ ಮಾಡಿದ ತಿದ್ದುಪಡಿ ಮತ್ತೆಲ್ಲಿಯೋ ಇರುವ ಲೆಕ್ಕವನ್ನು ತಲೆಕೆಳಗು ಮಾಡಬಲ್ಲುದು. ಆದ್ದರಿಂದ ಒಂದೇ ಒಂದು ಅಕ್ಷರ ತಿದ್ದಿದರೂ ಇಡೀ ಗ್ರಂಥವನ್ನು ಮತ್ತೆ ಜೋಡಿಸಿ, ಮೊದಲಿನಿಂದ ಕೊನೆಯವರೆಗೆ ಕರಡು ನೋಡಬೇಕಾಗುತ್ತದೆ. ಪುಸ್ತಕ ವರ್ಷಕ್ಕೊಮ್ಮೆ ಅಚ್ಚಾದೀತು. ತಂತ್ರಾಂಶ ದಿನಕ್ಕೆ ಹಲವು ಬಾರಿ ತಿದ್ದಲ್ಪಡುತ್ತದೆ. ಎಷ್ಟೇ ನಿಷ್ಠೆಯುಳ್ಳ ಕರಡು ತಿದ್ದುಗನಾದರೂ ಒಂದೇ ಗ್ರಂಥವನ್ನು ದಿನಕ್ಕೆ ಹತ್ತು ಬಾರಿ ಅದೇ ಎಚ್ಚರದಿಂದ ಓದಲಾರ. ಸ್ವಯಂಚಾಲನೆಯ ಅಗತ್ಯ ಹುಟ್ಟಿದ್ದು ಇಲ್ಲಿಂದ.

ಈ ಶ್ರಮವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನಗಳಲ್ಲಿ ಹೆಸರಾಂತ ಮೊದಲ ಸಾಧನವು ಒಬ್ಬ ವಿಜ್ಞಾನಿಯ ಸಿಟ್ಟಿನಿಂದ ಹುಟ್ಟಿತೆಂದರೆ ಆಶ್ಚರ್ಯವಾದೀತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಎಂಬ ತಜ್ಞರು ಒಂದು ದಿನ ಬೆಳಗ್ಗೆಯೆಲ್ಲಾ ತಮ್ಮ ಪ್ರೋಗ್ರಾಮಿನಲ್ಲಿ ಒಂದು ದೋಷವನ್ನು ಹುಡುಕಿ ಹುಡುಕಿ ಬೇಸತ್ತರು. ವಾಸ್ತವವಾಗಿ ಆ ದೋಷವನ್ನು ಅವರು ಮೊದಲೇ ತಿದ್ದಿಬಿಟ್ಟಿದ್ದರು. ಆದರೆ ತಿದ್ದಿದ ಭಾಗವನ್ನು ಯಂತ್ರರೂಪಕ್ಕೆ ಪರಿವರ್ತಿಸುವುದನ್ನು ಮರೆತಿದ್ದರು. ಯಂತ್ರವು ಹಳೆಯದನ್ನೇ ನಡೆಸುತ್ತಿತ್ತು. ಅವರು ತಮ್ಮ ಅದೃಷ್ಟವನ್ನು ಶಪಿಸುತ್ತಾ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೊಠಡಿಗೆ ನುಗ್ಗಿದರು. ಫೆಲ್ಡ್‌ಮನ್ ಅವರಿಗೂ ಹಿಂದಿನ ಸಂಜೆಯಷ್ಟೇ ಇಂತಹುದೇ ಅನುಭವವಾಗಿತ್ತು. ಪರಿಣಾಮವಾಗಿ 1976ರಲ್ಲಿ ‘ಮೇಕ್’ ಎಂಬ ಸಾಧನ ಸಿದ್ಧವಾಯಿತು. ಯಾವ ಭಾಗವು ಯಾವುದನ್ನು ಅವಲಂಬಿಸಿದೆ, ಯಾವುದನ್ನು ಯಾವ ಆಜ್ಞೆಯಿಂದ ನಿರ್ಮಿಸಬೇಕು ಎಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟರೆ, ‘ಮೇಕ್’ ಆಯಾ ಕಡತಗಳ ವೇಳೆಯನ್ನು ಹೋಲಿಸಿ ನೋಡಿ, ಮೂಲಪಾಠವು ಹೊಸದಾಗಿದ್ದಲ್ಲಿ ಅದನ್ನೂ ಅದನ್ನು ಅವಲಂಬಿಸಿದವುಗಳನ್ನೂ ತಾನಾಗಿ ಮತ್ತೆ ನಿರ್ಮಿಸುತ್ತದೆ. ಮನುಷ್ಯನ ನೆನಪಿನಲ್ಲಿದ್ದ ಕ್ರಮವು ಹೀಗೆ ಕಾಗದಕ್ಕೆ ಇಳಿಯಿತು. ಫೆಲ್ಡ್‌ಮನ್ ಅವರಿಗೆ ಇದಕ್ಕಾಗಿ 2003ರಲ್ಲಿ ಎ.ಸಿ.ಎಂ. ಸಂಸ್ಥೆಯ ತಂತ್ರಾಂಶ ಪ್ರಶಸ್ತಿ ಸಂದಿತು. ಒಂದು ವಿನೋದವನ್ನೂ ಇಲ್ಲಿ ಹೇಳಬಹುದು. ಆ ಕಡತದಲ್ಲಿ ಆಜ್ಞೆಯ ಸಾಲುಗಳು ‘ಟ್ಯಾಬ್’ ಕೀಲಿಯ ಖಾಲಿ ಜಾಗದಿಂದಲೇ ಆರಂಭವಾಗಬೇಕೆಂಬ ವಿಚಿತ್ರ ನಿಯಮವಿತ್ತು. ಅದು ಅನಾನುಕೂಲವೆಂದು ಫೆಲ್ಡ್‌ಮನ್ ಅವರಿಗೆ ಹೊಳೆಯುವ ವೇಳೆಗೆ ಹತ್ತುಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗಬಾರದೆಂದು ನಿಯಮವನ್ನು ಹಾಗೆಯೇ ಬಿಟ್ಟರು. ಅಂದಿನ ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯದಿಂದ ಇಂದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಆ ಖಾಲಿ ಜಾಗಕ್ಕಾಗಿ ತಲೆ ಚಚ್ಚಿಕೊಳ್ಳುತ್ತಿದ್ದಾರೆ.

ಒಬ್ಬನೇ ಬರೆಯುವಲ್ಲಿ ‘ಮೇಕ್’ ಸಾಕಾದೀತು. ಆದರೆ ದೊಡ್ಡ ತಂತ್ರಾಂಶವನ್ನು ಹತ್ತಾರು, ನೂರಾರು ಮಂದಿ ಸೇರಿ ಬರೆಯುತ್ತಾರೆ. ಒಬ್ಬ ಬಡಗಿ ತನ್ನ ಮನೆಯಲ್ಲಿ ಬಾಗಿಲುವಾಡವನ್ನೂ, ಇನ್ನೊಬ್ಬ ತನ್ನ ಮನೆಯಲ್ಲಿ ಕದವನ್ನೂ ಆರು ತಿಂಗಳು ಬೇರೆಬೇರೆಯಾಗಿ ಮಾಡಿ, ಗೃಹಪ್ರವೇಶದ ಹಿಂದಿನ ದಿನ ತಂದು ಕೂಡಿಸಿದರೆ ಏನಾದೀತೋ ತಂತ್ರಾಂಶದಲ್ಲಿಯೂ ಅದೇ ಆಗುತ್ತಿತ್ತು. ತಿಂಗಳುಗಟ್ಟಲೆ ಪ್ರತ್ಯೇಕವಾಗಿ ಬರೆದ ಭಾಗಗಳನ್ನು ಕೊನೆಯಲ್ಲಿ ಜೋಡಿಸುವಾಗ ಒಂದಕ್ಕೊಂದು ಹೊಂದದೆ, ಹೊಂದಿಸುವುದಕ್ಕೇ ಮತ್ತಷ್ಟು ತಿಂಗಳು ಹಿಡಿಯುತ್ತಿದ್ದವು. 1990ರ ದಶಕದ ಉತ್ತರಾರ್ಧದಲ್ಲಿ ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳ ಲೆಕ್ಕದ ಯೋಜನೆಯಲ್ಲಿ ದುಡಿದ ಕೆಂಟ್ ಬೆಕ್ ಮತ್ತು ಅವರ ಸಂಗಡಿಗರು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದರು. ನೋವುಂಟುಮಾಡುವ ಜೋಡಣೆಯನ್ನು ಮುಂದಕ್ಕೆ ಹಾಕುವ ಬದಲು ದಿನದಿನವೂ, ಸಾಧ್ಯವಾದರೆ ಗಂಟೆಗಂಟೆಗೂ ಮಾಡುವುದು. ಪ್ರತಿಯೊಬ್ಬರೂ ತಮ್ಮ ತಿದ್ದುಪಡಿಯನ್ನು ಸಣ್ಣ ತುಣುಕುಗಳಾಗಿ ಸಾಮಾನ್ಯ ಭಂಡಾರಕ್ಕೆ ಸೇರಿಸುವುದು. ಸೇರಿಸಿದ ಒಡನೆಯೇ ಎಲ್ಲವನ್ನೂ ಕೂಡಿಸಿ ನಿರ್ಮಿಸಿ ಪರೀಕ್ಷಿಸುವುದು. ಇದಕ್ಕೆ ನಿರಂತರ ಜೋಡಣೆ ಎಂಬ ಅರ್ಥದ ‘ಕಂಟಿನ್ಯುಯಸ್ ಇಂಟಿಗ್ರೇಷನ್’ ಎಂಬ ಹೆಸರು ರೂಢಿಗೆ ಬಂದಿತು. 2000ದಲ್ಲಿ ಮಾರ್ಟಿನ್ ಫೌಲರ್ ಅವರು ಈ ಕುರಿತು ಬರೆದ ಲೇಖನ ಪದ್ಧತಿಯ ಪ್ರಚಾರಕ್ಕೆ ಬಹಳ ನೆರವಾಯಿತು.

ಪದ್ಧತಿ ಬಂದ ಮೇಲೆ ಅದನ್ನು ನಡೆಸುವ ಯಂತ್ರವೂ ಬೇಕಲ್ಲವೇ? ಭಂಡಾರವನ್ನು ಸದಾ ಕಾದು ಕುಳಿತು, ಹೊಸ ತಿದ್ದುಪಡಿ ಬಂದೊಡನೆ ನಿರ್ಮಾಣ ಪರೀಕ್ಷೆಗಳನ್ನು ನಡೆಸಿ ಫಲಿತಾಂಶ ಸಾರುವ ‘ಕ್ರೂಸ್ ಕಂಟ್ರೋಲ್’ ಎಂಬ ಸಾಧನ 2001ರಲ್ಲಿ ಬಂದಿತು. ಬಳಿಕ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಜಪಾನೀ ಇಂಜಿನಿಯರು ಕೊಹ್ಸುಕೆ ಕವಾಗುಚಿ ‘ಹಡ್ಸನ್’ ಎಂಬುದನ್ನು ರಚಿಸಿದರು. ತಂಡದ ಬಿಲ್ಡ್ ಕೆಡಿಸುವವರಲ್ಲಿ ತಾವೇ ಮುಂದಾಗಿದ್ದುದೇ ಅದಕ್ಕೆ ಪ್ರೇರಣೆಯೆಂದು ಅವರು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ. ಸನ್ ಕಂಪನಿ ಒರಾಕಲ್ ಕೈಸೇರಿದ ಮೇಲೆ ಹೆಸರಿನ ಹಕ್ಕಿನ ವಿಷಯದಲ್ಲಿ ವ್ಯಾಜ್ಯವೆದ್ದು, 2011ರಲ್ಲಿ ಅದೇ ಸಾಧನ ‘ಜೆಂಕಿನ್ಸ್’ ಎಂಬ ಹೊಸ ಹೆಸರಿನಿಂದ ಮುಂದುವರಿಯಿತು. ಇಂದು ಗಿಟ್‌ಹಬ್, ಗಿಟ್‌ಲ್ಯಾಬ್ ಮೊದಲಾದ ಭಂಡಾರಗಳು ಈ ಸೌಕರ್ಯವನ್ನು ತಮ್ಮೊಳಗೇ ಇರಿಸಿಕೊಂಡಿವೆ. ಸಾಧನಗಳ ಹೆಸರು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ತತ್ತ್ವ ಬದಲಾಗಿಲ್ಲ.

ನಿರ್ಮಾಣಕ್ಕಿಂತ ಪರೀಕ್ಷೆಯ ವಿಷಯ ಹೆಚ್ಚು ಸ್ವಾರಸ್ಯವುಳ್ಳದ್ದು. ಉಪಾಧ್ಯಾಯರಿಗಂತೂ ತೀರ ಹತ್ತಿರದ್ದು. ಪ್ರೌಢಶಾಲೆಯೊಂದಕ್ಕೆ ಅಂಕಪಟ್ಟಿ ಸಿದ್ಧಪಡಿಸುವ ಸಣ್ಣ ತಂತ್ರಾಂಶವನ್ನು ಕಲ್ಪಿಸಿಕೊಳ್ಳಬಹುದು. ನೂರಕ್ಕೆ 35 ಅಂಕ ಬಂದವರು ತೇರ್ಗಡೆಯೆಂಬುದು ನಿಯಮ. ಬರೆದವನು ‘35 ಅಥವಾ ಅದಕ್ಕಿಂತ ಹೆಚ್ಚು’ ಎಂದು ಬರೆಯಬೇಕಾದಲ್ಲಿ ‘35ಕ್ಕಿಂತ ಹೆಚ್ಚು’ ಎಂದು ಬರೆದುಬಿಟ್ಟ. 70 ಅಂಕ ಕೊಟ್ಟು ನೋಡಿದರೆ ತೇರ್ಗಡೆ ಎನ್ನುತ್ತದೆ. 20 ಕೊಟ್ಟು ನೋಡಿದರೆ ಅನುತ್ತೀರ್ಣ ಎನ್ನುತ್ತದೆ. ಎಲ್ಲವೂ ಸರಿಯಾಗಿದೆಯೆಂದು ತೃಪ್ತಿಪಟ್ಟು ಹೊರಗೆ ಬಿಟ್ಟರೆ, ಹಗಲಿರುಳು ಓದಿ ಸರಿಯಾಗಿ 35 ಪಡೆದ ಮಗು ಅನುತ್ತೀರ್ಣವೆನಿಸಿಕೊಂಡು ಮನೆಗೆ ಹೋಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕೆಂಬ ಮಾತು ತಂತ್ರಾಂಶಕ್ಕೆ ಒಪ್ಪುವುದಿಲ್ಲ. ಇಲ್ಲಿ ಯಾವ ಅಗುಳನ್ನು ಹಿಸುಕಬೇಕೆಂಬುದೇ ವಿದ್ಯೆ. ಎಲ್ಲೆಯ ಅಂಚಿನಲ್ಲಿರುವ 34, 35, 36ನ್ನು ನೋಡಬೇಕು. ಸೊನ್ನೆಯನ್ನೂ ನೂರನ್ನೂ ನೋಡಬೇಕು. 101 ಕೊಟ್ಟರೆ ಒಪ್ಪಿಕೊಳ್ಳದೆ ತಿರಸ್ಕರಿಸುತ್ತದೆಯೇ ಎಂದು ನೋಡಬೇಕು. ಪರೀಕ್ಷೆಗೆ ಗೈರುಹಾಜರಾದವನೂ ಸೊನ್ನೆ ಪಡೆದವನೂ ಒಂದೇ ಅಲ್ಲವೆಂಬುದು ಅದಕ್ಕೆ ತಿಳಿದಿದೆಯೇ ಎಂದು ನೋಡಬೇಕು.

ಕನ್ನಡದಲ್ಲಿ ಹೆಸರುಗಳನ್ನು ಮುದ್ರಿಸುವ ತಂತ್ರಾಂಶವಾದರೆ ಮತ್ತೊಂದು ತೊಡಕು ಸೇರುತ್ತದೆ. ‘ಲಕ್ಷ್ಮಿ’ ಎಂಬ ಹೆಸರಿನಲ್ಲಿ ಒಂದನೆಯ ತರಗತಿಯ ಮಗುವೂ ಎರಡೇ ಅಕ್ಷರಗಳನ್ನು ಎಣಿಸುತ್ತದೆ. ಆದರೆ ಯೂನಿಕೋಡ್ ಪದ್ಧತಿಯಲ್ಲಿ ಯಂತ್ರವು ಆ ಹೆಸರನ್ನು ಏಳು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಲಕಾರ, ಕಕಾರ, ವಿರಾಮ ಚಿಹ್ನೆ, ಷಕಾರ, ಮತ್ತೆ ವಿರಾಮ ಚಿಹ್ನೆ, ಮಕಾರ, ಕೊನೆಗೆ ಗುಡಿಸು. ಹೆಸರಿನ ಮನೆಯಲ್ಲಿ ಐದೇ ಸ್ಥಾನಗಳೆಂದು ಗೊತ್ತುಮಾಡಿದ್ದರೆ ಒತ್ತಕ್ಷರ ನಡುವೆ ಕತ್ತರಿಸಿಹೋಗಿ ‘ಲಕ್ಷ್’ ಎಂದು ಅಚ್ಚಾಗುತ್ತದೆ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದವನಿಗೆ ಈ ದೋಷ ಎಂದೂ ಕಾಣುವುದಿಲ್ಲ. ಯಂತ್ರವು ತಾನಾಗಿ ಇದನ್ನು ಊಹಿಸಬೇಕೆಂದರೆ ಅದಕ್ಕೆ ಆ ಮಗುವಿನ ಪರಿಚಯವಿಲ್ಲ. ಕನ್ನಡ ಬಲ್ಲವನೊಬ್ಬನು ಕುಳಿತು ಈ ಪ್ರಶ್ನೆಯನ್ನು ಪ್ರಶ್ನಪತ್ರಿಕೆಗೆ ಸೇರಿಸಬೇಕು.

ಪ್ರಶ್ನಪತ್ರಿಕೆ ಎಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಸ್ವಯಂಚಾಲಿತ ಪರೀಕ್ಷೆಯೆಂದರೆ ಮತ್ತೊಂದು ಪುಟ್ಟ ಪ್ರೋಗ್ರಾಮು. ‘ಇಂತಹುದನ್ನು ಕೊಟ್ಟರೆ ಇಂತಹ ಉತ್ತರ ಬರತಕ್ಕದ್ದು’ ಎಂದು ಪ್ರಶ್ನೆಯೂ ಮಾದರಿ ಉತ್ತರವೂ ಅದರಲ್ಲಿ ಬರೆದಿರುತ್ತವೆ. ಒಮ್ಮೆ ಬರೆದಿಟ್ಟರೆ ಯಂತ್ರವು ಪ್ರತಿ ತಿದ್ದುಪಡಿಯ ಬಳಿಕವೂ ಬೇಸರವಿಲ್ಲದೆ ಎಲ್ಲ ಪ್ರಶ್ನೆಗಳನ್ನೂ ಕೇಳುತ್ತದೆ. ಬಳಕೆದಾರರು ಹೊಸದೊಂದು ದೋಷವನ್ನು ಕಂಡುಹಿಡಿದರೆ ಅನುಭವಿಗಳು ಮೊದಲು ಆ ದೋಷವನ್ನು ತೋರಿಸುವ ಪ್ರಶ್ನೆಯನ್ನು ಬರೆಯುತ್ತಾರೆ. ಬಳಿಕವೇ ದೋಷವನ್ನು ತಿದ್ದುತ್ತಾರೆ. ಹೀಗೆ ಮಾಡಿದರೆ ಎರಡು ವರ್ಷದ ಮೇಲೆ, ಮೊದಲು ಬರೆದವರು ಬೇರೆ ಊರು ಸೇರಿದ ಮೇಲೆ, ಅದೇ ದೋಷ ಸದ್ದಿಲ್ಲದೆ ಮರಳಿ ಬರುವಂತಿಲ್ಲ.

ಇಂತಹ ವ್ಯವಸ್ಥೆಯನ್ನು ಹೊಸದಾಗಿ ಹೂಡುವವರು ಮಾಡುವ ಕೆಲಸಗಳನ್ನು ಈಗ ನೋಡಬಹುದು. ಮೂಲಪಾಠ, ಪರೀಕ್ಷೆಗಳು, ನಿರ್ಮಾಣದ ಆಜ್ಞೆಗಳು ಎಲ್ಲವೂ ಒಂದೇ ಭಂಡಾರದಲ್ಲಿರಬೇಕು. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದನ್ನು ಆ ಭಂಡಾರ ನೆನಪಿಡಬೇಕು. ಇದಕ್ಕೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು 2005ರಲ್ಲಿ ಲೈನಸ್ ಟಾರ್ವಾಲ್ಡ್ಸ್ ಅವರು ರಚಿಸಿದ ‘ಗಿಟ್’. ಆ ಮೇಲೆ ನಿರ್ಮಾಣದ ಹೆಜ್ಜೆಗಳನ್ನು ಒಂದೂ ಬಿಡದಂತೆ ಕಡತವೊಂದರಲ್ಲಿ ಬರೆಯಬೇಕು. ಇದು ಕೇಳಲು ಸುಲಭ. ಮಾಡಹೋದಾಗ, ತಂಡದ ಹಿರಿಯನೊಬ್ಬನ ತಲೆಯಲ್ಲಿ ಮಾತ್ರ ಇದ್ದ ಹತ್ತಾರು ಗುಟ್ಟುಗಳು ಹೊರಬೀಳುತ್ತವೆ. ಎಲ್ಲಿಯೋ ಒಂದು ಕಡತವನ್ನು ಕೈಯಿಂದ ನಕಲು ಮಾಡಬೇಕಾಗಿರುತ್ತದೆ. ಮತ್ತೆಲ್ಲಿಯೋ ಮೂರು ವರ್ಷದ ಹಿಂದೆ ಅವನ ಯಂತ್ರದಲ್ಲಿ ಸ್ಥಾಪಿಸಿದ ಸಹಾಯಕ ತಂತ್ರಾಂಶ ಬೇಕಾಗಿರುತ್ತದೆ. ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತದೆ’ ಎಂಬುದು ಈ ಕಸುಬಿನ ಹಳೆಯ ನೆಪ. ಆದುದರಿಂದ ಪ್ರತಿ ಬಾರಿಯೂ ಏನೂ ಇಲ್ಲದ ಹೊಸ ಯಂತ್ರದ ಮೇಲೆ, ಬರೆದಿಟ್ಟ ಹೆಜ್ಜೆಗಳಿಂದ ಮಾತ್ರ ನಿರ್ಮಾಣ ನಡೆಯುವಂತೆ ಏರ್ಪಡಿಸುತ್ತಾರೆ. ಬರೆಯದೆ ಉಳಿದ ಗುಟ್ಟು ಆಗ ತಾನಾಗಿ ಬಯಲಾಗುತ್ತದೆ.

ಪರೀಕ್ಷೆಗಳನ್ನು ನಡೆಸುವ ಕ್ರಮವೂ ಮುಖ್ಯ. ಕ್ಷಣದಲ್ಲಿ ಮುಗಿಯುವ ಸಣ್ಣ ಪರೀಕ್ಷೆಗಳು ಮೊದಲು. ಹಲವು ಭಾಗಗಳನ್ನು ಕೂಡಿಸಿ ನೋಡುವ ನಿಧಾನದ ಪರೀಕ್ಷೆಗಳು ಬಳಿಕ. ನಿರ್ಮಾಣವೂ ಪರೀಕ್ಷೆಯೂ ಸೇರಿ ಹತ್ತು ನಿಮಿಷದೊಳಗೆ ಮುಗಿಯಬೇಕೆಂದು ಕೆಂಟ್ ಬೆಕ್ ಹೇಳಿದ್ದಾರೆ. ಅದಕ್ಕಿಂತ ತಡವಾದರೆ ಜನ ಫಲಿತಾಂಶಕ್ಕೆ ಕಾಯದೆ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಾರೆ. ಇನ್ನೊಂದು ಅಪಾಯವೂ ಉಂಟು. ಕೆಲವು ಪರೀಕ್ಷೆಗಳು ಮೂಲಪಾಠದಲ್ಲಿ ಏನೂ ಬದಲಾಗದಿದ್ದರೂ ಒಮ್ಮೆ ತೇರ್ಗಡೆ, ಒಮ್ಮೆ ಅನುತ್ತೀರ್ಣ ಎನ್ನುತ್ತವೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಂತೆ, ಸುಳ್ಳು ಕೆಂಪುದೀಪಕ್ಕೆ ಒಗ್ಗಿಹೋದ ತಂಡ ನಿಜವಾದ ಕೆಂಪುದೀಪವನ್ನೂ ಕಡೆಗಣಿಸುತ್ತದೆ. ಅಂತಹ ಪರೀಕ್ಷೆಯನ್ನು ತಿದ್ದಬೇಕು, ಇಲ್ಲವೇ ತೆಗೆದುಹಾಕಬೇಕು. ಇಟ್ಟುಕೊಂಡು ಅಲಕ್ಷಿಸುವುದಂತೂ ಸಲ್ಲದು. ಸೇವಾಯಂತ್ರಗಳ ಗುಪ್ತಪದಗಳನ್ನು ಭಂಡಾರದಲ್ಲಿ ಮೂಲಪಾಠದೊಡನೆ ಬರೆದಿಡಬಾರದೆಂಬುದೂ ಹೊಸಬರಿಗೆ ಮೊದಲ ದಿನವೇ ಹೇಳಬೇಕಾದ ಮಾತು.

ಉಳಿದುದು ನಿಯೋಜನೆ. ಮೇಲುನೋಟಕ್ಕೆ ಇದು ತೀರ ಸಾಮಾನ್ಯ ಕೆಲಸ: ಸಿದ್ಧವಾದುದನ್ನು ಯಂತ್ರಗಳಿಗೆ ನಕಲು ಮಾಡುವುದು. ಆದರೆ ಇದೇ ಹಂತದಲ್ಲಿ ಆದ ಒಂದು ಅನಾಹುತ ಈ ಕಸುಬಿನವರೆಲ್ಲರ ನೆನಪಿನಲ್ಲಿ ಉಳಿದಿದೆ. ಅದರ ವಿವರಗಳು ಅಮೆರಿಕದ ಷೇರು ವ್ಯವಹಾರ ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದಿಂದ ತಿಳಿದುಬರುತ್ತವೆ.

ನ್ಯೂಜೆರ್ಸಿಯಲ್ಲಿ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆಯೊಂದಿತ್ತು. ಅಮೆರಿಕದ ಷೇರುಪೇಟೆಯಲ್ಲಿ ಅದು ದೊಡ್ಡ ಹೆಸರು. ನ್ಯೂಯಾರ್ಕ್ ಷೇರುಪೇಟೆ 2012ರ ಆಗಸ್ಟ್ 1ರಿಂದ ಹೊಸದೊಂದು ವ್ಯವಸ್ಥೆಯನ್ನು ಜಾರಿಗೆ ತರಲಿದ್ದುದರಿಂದ, ಅದಕ್ಕೆ ತಕ್ಕಂತೆ ಸಂಸ್ಥೆಯ ಇಂಜಿನಿಯರುಗಳು ತಂತ್ರಾಂಶವನ್ನು ತಿದ್ದಿದರು. ಬೇಡಿಕೆಗಳನ್ನು ಪೇಟೆಗೆ ರವಾನಿಸುವ ಸೇವಾಯಂತ್ರಗಳು ಎಂಟು. ಜುಲೈ 27ರಿಂದ ಮೊದಲ್ಗೊಂಡು ಒಂದೊಂದು ದಿನ ಕೆಲವು ಯಂತ್ರಗಳಿಗೆ ಹೊಸ ತಂತ್ರಾಂಶವನ್ನು ಕೈಯಿಂದಲೇ ಸಾಗಿಸಲಾಯಿತು. ಏಳು ಯಂತ್ರಗಳಿಗೆ ಹೋಯಿತು. ಎಂಟನೆಯದಕ್ಕೆ ಹಾಕುವುದನ್ನು ತಂತ್ರಜ್ಞ ಮರೆತ. ಇನ್ನೊಬ್ಬರು ಅದನ್ನು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಆ ಸಂಸ್ಥೆಯಲ್ಲಿರಲಿಲ್ಲ.

ಆ ಎಂಟನೆಯ ಯಂತ್ರದಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಭಾಗವೊಂದು ಉಳಿದಿತ್ತು. 2003ರಲ್ಲಿಯೇ ಅದರ ಬಳಕೆ ನಿಂತಿದ್ದರೂ ಯಾರೂ ಕಿತ್ತುಹಾಕಿರಲಿಲ್ಲ. ಎಷ್ಟು ಷೇರುಗಳ ವ್ಯವಹಾರವಾಯಿತೆಂದು ಎಣಿಸಿ, ಬೇಡಿಕೆ ಪೂರೈಸಿದಾಗ ನಿಲ್ಲಿಸುವ ಎಣಿಕೆಯ ಭಾಗವನ್ನು 2005ರಲ್ಲಿ ಬೇರೆಡೆಗೆ ಸರಿಸಿದ್ದರು. ಸರಿಸಿದ ಮೇಲೆ ಪವರ್ ಪೆಗ್ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಿರಲಿಲ್ಲ. ಬಳಸದಿರುವುದನ್ನು ಪರೀಕ್ಷಿಸುವುದೇಕೆ ಎನಿಸಿದ್ದರೆ ಅಚ್ಚರಿಯಿಲ್ಲ. ಹೊಸ ತಂತ್ರಾಂಶವಾದರೋ, ಹಿಂದೆ ಪವರ್ ಪೆಗ್ಗನ್ನು ಎಚ್ಚರಿಸುತ್ತಿದ್ದ ಅದೇ ಸಂಕೇತವನ್ನು ತನ್ನ ಬೇರೆ ಕೆಲಸಕ್ಕೆ ಬಳಸಿಕೊಂಡಿತು. ಹತ್ತು ಸೇರು ಅಕ್ಕಿ ತರಲು ಸಂತೆಗೆ ಕಳುಹಿಸಿದ ಆಳು ಎಣಿಕೆ ಮರೆತು ಸಂತೆಯ ಅಕ್ಕಿಯನ್ನೆಲ್ಲಾ ಕೊಳ್ಳುತ್ತಾ ಹೋದರೆ ಹೇಗೋ ಹಾಗೆ, ಒಂಬತ್ತು ವರ್ಷ ಮಲಗಿದ್ದ ಆ ಭಾಗವು ಎದ್ದು ನಿಲ್ಲುವ ಅರಿವಿಲ್ಲದೆ ವ್ಯವಹರಿಸತೊಡಗಿತು.

ಆಗಸ್ಟ್ 1ರ ಬೆಳಗ್ಗೆ 8 ಗಂಟೆ ದಾಟಿದ ಕೂಡಲೇ ಪವರ್ ಪೆಗ್ ಹೆಸರನ್ನೇ ಉಲ್ಲೇಖಿಸುವ ದೋಷಸೂಚನೆಯ ಇ-ಮೇಲುಗಳು ಸಿಬ್ಬಂದಿಗೆ ಹೋಗತೊಡಗಿದವು. ಪೇಟೆ ತೆರೆಯುವುದರೊಳಗೆ ಅಂತಹ 97 ಸಂದೇಶಗಳು ಹೋದವು. ಅವು ಎಚ್ಚರಿಕೆಯ ಗಂಟೆಗಳೆಂದು ಯಾರೂ ಗೊತ್ತುಮಾಡಿರಲಿಲ್ಲವಾದ್ದರಿಂದ ಯಾರೂ ಓದಲಿಲ್ಲ. 9-30ಕ್ಕೆ ಪೇಟೆ ತೆರೆಯಿತು. ಸುಮಾರು 45 ನಿಮಿಷಗಳಲ್ಲಿ, ಕೇವಲ 212 ಗ್ರಾಹಕ ಬೇಡಿಕೆಗಳನ್ನು ಪೂರೈಸಲು ಹೋಗಿ ಆ ವ್ಯವಸ್ಥೆ 154 ಕಂಪನಿಗಳ 39 ಕೋಟಿ 70 ಲಕ್ಷಕ್ಕೂ ಹೆಚ್ಚು ಷೇರುಗಳಲ್ಲಿ 40 ಲಕ್ಷಕ್ಕೂ ಮಿಕ್ಕಿ ವ್ಯವಹಾರಗಳನ್ನು ನಡೆಸಿತು. ಇದರ ನಡುವೆ ನಡೆದ ಇನ್ನೊಂದು ಸಂಗತಿ ಎಲ್ಲಕ್ಕಿಂತ ಕಠೋರವಾದುದು. ಏನಾಗುತ್ತಿದೆಯೆಂದು ತಿಳಿಯದ ಸಿಬ್ಬಂದಿ, ಹೊಸ ತಂತ್ರಾಂಶದ್ದೇ ತಪ್ಪಿರಬೇಕೆಂದು ಬಗೆದು, ಸರಿಯಾಗಿದ್ದ ಏಳು ಯಂತ್ರಗಳಿಂದಲೂ ಅದನ್ನು ತೆಗೆದುಹಾಕಿದರು. ಒಂದು ಯಂತ್ರದಲ್ಲಿದ್ದ ರೋಗ ಎಂಟಕ್ಕೂ ಹಬ್ಬಿತು.

ನಷ್ಟ 46 ಕೋಟಿ ಡಾಲರುಗಳನ್ನು ಮೀರಿತು. ಹೊರಗಿನ ಹೂಡಿಕೆದಾರರು 40 ಕೋಟಿ ಡಾಲರು ಒದಗಿಸಿದ್ದರಿಂದ ಸಂಸ್ಥೆ ಆ ವಾರ ಮುಳುಗದೆ ಉಳಿಯಿತು. ಆದರೆ 2013ರ ಜುಲೈನಲ್ಲಿ ಅದು ಗೆಟ್ಕೊ ಎಂಬ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು ಸ್ವತಂತ್ರ ಅಸ್ತಿತ್ವವನ್ನು ಕಳೆದುಕೊಂಡಿತು. ಆಯೋಗ ವಿಧಿಸಿದ ದಂಡ 1 ಕೋಟಿ 20 ಲಕ್ಷ ಡಾಲರು.

ಮರೆತ ತಂತ್ರಜ್ಞನನ್ನು ದೂರುವುದು ಸುಲಭ. ಆದರೆ ಉತ್ತರಪತ್ರಿಕೆಗಳ ಕಟ್ಟುಗಳ ಮುಂದೆ ಕುಳಿತು ಅಂಕಗಳನ್ನು ಕೂಡಿದ ಯಾವ ಉಪಾಧ್ಯಾಯರೂ ಅವನನ್ನು ಅಷ್ಟು ಸುಲಭವಾಗಿ ದೂರಲಾರರು. ಒಂದೇ ಬಗೆಯ ಕೆಲಸವನ್ನು ಎಂಟು ಬಾರಿ ಮಾಡುವಾಗ ಒಮ್ಮೆ ಕೈತಪ್ಪುವುದು ಮನುಷ್ಯ ಸಹಜ. ಅದನ್ನು ಬಲ್ಲವರೇ ಅಂಕಗಳ ಮರು ಎಣಿಕೆಯ ಪದ್ಧತಿಯನ್ನು ತಂದವರು. ಆ ಸಂಸ್ಥೆಯ ದೋಷವೆಂದರೆ, ಮರೆವು ಸಂಭವಿಸೀತೆಂದು ಎಣಿಸಿ ಅದಕ್ಕೆ ಒಂದು ತಡೆಯನ್ನೂ ಒಡ್ಡದೆ ಇದ್ದುದು. ನಿಯೋಜನೆಯ ಹೆಜ್ಜೆಗಳನ್ನು ಬರೆದು ಯಂತ್ರಕ್ಕೆ ಒಪ್ಪಿಸಿದ್ದರೆ ಅದು ಎಂಟೂ ಯಂತ್ರಗಳಿಗೆ ಸಾಗಿಸಿ, ಎಂಟರಲ್ಲಿಯೂ ಒಂದೇ ಆವೃತ್ತಿ ಇದೆಯೇ ಎಂದು ತಾನೇ ಹೋಲಿಸಿ, ಇಲ್ಲವಾದರೆ ಮುಂದುವರಿಯದೆ ನಿಲ್ಲುವಂತೆ ಮಾಡಬಹುದಿತ್ತು.

ಇಂದು ಎಚ್ಚರವುಳ್ಳ ತಂಡಗಳು ನಿಯೋಜನೆಯನ್ನು ಹೀಗೆ ನಡೆಸುತ್ತವೆ. ಒಮ್ಮೆ ನಿರ್ಮಿಸಿ ಪರೀಕ್ಷಿಸಿದ ವಸ್ತುವನ್ನೇ ಎಲ್ಲೆಡೆಗೂ ಒಯ್ಯುತ್ತಾರೆ. ಊರೂರಿಗೆ ಬೇರೆಬೇರೆಯಾಗಿ ಮತ್ತೆ ನಿರ್ಮಿಸುವುದಿಲ್ಲ. ಮೊದಲು, ನಾಟಕಕ್ಕೆ ಮುನ್ನ ನಡೆಯುವ ತಾಲೀಮಿನಂತೆ, ನಿಜವಾದ ವ್ಯವಸ್ಥೆಯನ್ನೇ ಹೋಲುವ ಇನ್ನೊಂದು ವ್ಯವಸ್ಥೆಯಲ್ಲಿ ನಡೆಸಿ ನೋಡುತ್ತಾರೆ. ಬಳಿಕ ನೂರರಲ್ಲಿ ಒಂದೆರಡು ಯಂತ್ರಗಳಿಗೆ ಮಾತ್ರ ಕೊಟ್ಟು, ದೋಷಸೂಚನೆಗಳು ಏರುತ್ತವೆಯೇ ಎಂದು ಕಾದು, ಇಲ್ಲವಾದಲ್ಲಿ ಹಂತಹಂತವಾಗಿ ಉಳಿದವುಗಳಿಗೆ ವಿಸ್ತರಿಸುತ್ತಾರೆ. ಕೆಟ್ಟಿತೆಂದು ಕಂಡರೆ ಹಿಂದಿನ ಆವೃತ್ತಿಗೆ ಮರಳುವ ದಾರಿಯನ್ನೂ ಮೊದಲೇ ಅಭ್ಯಾಸ ಮಾಡಿರುತ್ತಾರೆ. ನೈಟ್ ಕ್ಯಾಪಿಟಲ್ಲಿನಲ್ಲಿ ಮರಳುವ ದಾರಿಯೇ ಪ್ರಪಾತವಾದುದನ್ನು ನೆನೆದರೆ ಈ ಅಭ್ಯಾಸದ ಬೆಲೆ ತಿಳಿದೀತು. ಹೀಗೆ ಸಿದ್ಧಪಡಿಸಿಕೊಂಡವರು ದಿನಕ್ಕೆ ಹಲವು ಬಾರಿ ನಿಯೋಜಿಸಿದರೂ ಅಂಜಬೇಕಾಗಿಲ್ಲ. ಛಾಯಾಚಿತ್ರಗಳನ್ನು ಇರಿಸುವ ಫ್ಲಿಕರ್ ಸಂಸ್ಥೆಯ ಇಬ್ಬರು ಇಂಜಿನಿಯರುಗಳು ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ನಿಯೋಜಿಸುತ್ತೇವೆಂದು 2009ರಲ್ಲಿ ಸಭೆಯೊಂದರಲ್ಲಿ ವಿವರಿಸಿದಾಗ ಕೇಳಿದ ಅನೇಕರು ಬೆರಗಾದರು. ಇಂದು ಅದು ಸಾಮಾನ್ಯ ಸಂಗತಿ. ತಿದ್ದುಪಡಿ ಸಣ್ಣದಾದಷ್ಟೂ, ಕೆಟ್ಟಾಗ ಕಾರಣ ಹುಡುಕುವುದು ಸುಲಭ.

ಇಷ್ಟಾದರೂ ಎಲ್ಲವನ್ನೂ ಯಂತ್ರಕ್ಕೊಪ್ಪಿಸಿದೊಡನೆ ನಿಶ್ಚಿಂತರಾಗಬಹುದೆಂಬ ಭ್ರಮೆಗೆ ಎಡೆಯಿಲ್ಲ. 2024ರ ಜುಲೈ 19ರಂದು ಬೆಂಗಳೂರಿನದೂ ಸೇರಿದಂತೆ ಭಾರತದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲುಗಳು ಬೆಳೆದು ನಿಂತವು. ದೇಶದ ಕೆಲವು ನಿಲ್ದಾಣಗಳಲ್ಲಿ ಸಿಬ್ಬಂದಿ ಪ್ರಯಾಣದ ಚೀಟಿಗಳನ್ನು ಕೈಯಿಂದಲೇ ಬರೆದುಕೊಡಬೇಕಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ರಕ್ಷಣಾ ತಂತ್ರಾಂಶವು ಅಂದು ಭಾರತೀಯ ಕಾಲಮಾನ 9-39ರ ವೇಳೆಗೆ ಲೋಕದಾದ್ಯಂತ ಒಂದು ಹೊಸ ಮಾಹಿತಿ ಕಡತವನ್ನು ಸ್ವೀಕರಿಸಿತ್ತು. ಅದನ್ನು ಓದಹೋದ ವಿಂಡೋಸ್ ಯಂತ್ರಗಳು ಕುಸಿದುಬಿದ್ದವು. ಹೀಗೆ ಕೆಟ್ಟುನಿಂತವು ಸುಮಾರು 85 ಲಕ್ಷವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಸಂಸ್ಥೆ ತಪ್ಪನ್ನರಿತು 10-57ರ ಹೊತ್ತಿಗೆ ಆ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಆಗಬೇಕಾದುದು ಆಗಿಹೋಗಿತ್ತು.

ಇಲ್ಲಿ ಯಾರೂ ಯಾವ ಯಂತ್ರವನ್ನೂ ಮರೆಯಲಿಲ್ಲ. ನಿಯೋಜನೆ ಸಂಪೂರ್ಣ ಸ್ವಯಂಚಾಲಿತವಾಗಿಯೇ ನಡೆಯಿತು. ಹೊರಹೋಗುವ ಕಡತಗಳನ್ನು ತಪಾಸಣೆ ಮಾಡುವ ಯಂತ್ರವೂ ಇತ್ತು. ಅದು ಈ ಕಡತವನ್ನು ಸರಿಯೆಂದೇ ಹೇಳಿತು. ಸಂಸ್ಥೆಯ ವರದಿಯ ಪ್ರಕಾರ ಕಾರಣ ಹೀಗಿದೆ: ಕಡತದ ಮಾದರಿಯಲ್ಲಿ 21 ಅಂಶಗಳಿರಬೇಕೆಂದು ನಿರೂಪಿಸಲಾಗಿತ್ತು, ಅದನ್ನು ಬಳಸುವ ತಂತ್ರಾಂಶ ಒದಗಿಸುತ್ತಿದ್ದುದು 20 ಮಾತ್ರ. ಹಿಂದಿನ ಪರೀಕ್ಷೆಗಳಲ್ಲಿ 21ನೆಯ ಅಂಶಕ್ಕೆ ‘ಏನಿದ್ದರೂ ಸರಿ’ ಎಂಬ ಗುರುತನ್ನು ಕೊಟ್ಟಿದ್ದರಿಂದ ಆ ಕೊರತೆ ಬೆಳಕಿಗೆ ಬಂದಿರಲಿಲ್ಲ. ಜುಲೈ 19ರಂದು ಮೊದಲ ಬಾರಿಗೆ 21ನೆಯದನ್ನು ನಿಜವಾಗಿ ಹೋಲಿಸಬೇಕಾಯಿತು. ಇಲ್ಲದ ಅಂಶವನ್ನು ಹುಡುಕಹೋದ ತಂತ್ರಾಂಶ ತನಗೆ ಸಲ್ಲದ ಸ್ಮೃತಿಸ್ಥಾನವನ್ನು ಮುಟ್ಟಿತು. ಅಂಕಪಟ್ಟಿಯ 35ರ ಪ್ರಶ್ನೆಯಂತೆ, ಕೇಳಬೇಕಾದ ಒಂದು ಪ್ರಶ್ನೆ ಪ್ರಶ್ನಪತ್ರಿಕೆಯಲ್ಲಿ ಇರಲಿಲ್ಲ. ಸಾಲದುದಕ್ಕೆ, ತಂತ್ರಾಂಶದ ಹೊಸ ಆವೃತ್ತಿಗಳನ್ನು ಹಂತಹಂತವಾಗಿ ಹಂಚುತ್ತಿದ್ದ ಸಂಸ್ಥೆ ಇಂತಹ ಮಾಹಿತಿ ಕಡತಗಳನ್ನು ಎಲ್ಲರಿಗೂ ಒಂದೇ ಸಲಕ್ಕೆ ಕಳುಹಿಸುತ್ತಿತ್ತು. ನೈಟ್ ಕ್ಯಾಪಿಟಲ್ಲಿನ ತಂತ್ರಜ್ಞನ ಕೈ ಒಂದು ಯಂತ್ರವನ್ನು ಬಿಟ್ಟಿತು. ಇಲ್ಲಿಯ ಯಂತ್ರದ ಕೈ ಯಾವುದನ್ನೂ ಬಿಡಲಿಲ್ಲ.

ಕುಸಿದ ಯಂತ್ರಗಳು ಎದ್ದೊಡನೆ ಮತ್ತೆ ಬೀಳುತ್ತಿದ್ದುದರಿಂದ ಅವುಗಳಲ್ಲಿ ಬಹುಪಾಲು ಯಂತ್ರಗಳಿಗೆ ಜಾಲದ ಮೂಲಕ ತಿದ್ದುಪಡಿ ತಲುಪಿಸುವಂತಿರಲಿಲ್ಲ. ಆಸ್ಪತ್ರೆ, ಬ್ಯಾಂಕು, ವಿಮಾನ ಸಂಸ್ಥೆಗಳ ತಂತ್ರಜ್ಞರು ಒಂದೊಂದು ಯಂತ್ರದ ಮುಂದೆಯೂ ಕುಳಿತು, ಅದನ್ನು ಸುರಕ್ಷಿತ ಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಹುಡುಕಿ ಅಳಿಸಬೇಕಾಯಿತು. ಅನೇಕ ಕಡೆಗಳಲ್ಲಿ ಈ ಕೆಲಸ ದಿನಗಟ್ಟಲೆ ನಡೆಯಿತು. ಅಂದಿನಿಂದ ಆ ಸಂಸ್ಥೆ ಮಾಹಿತಿ ಕಡತಗಳನ್ನೂ ಮೊದಲು ತನ್ನ ಯಂತ್ರಗಳಿಗೆ, ಬಳಿಕ ಕೆಲವೇ ಗ್ರಾಹಕರಿಗೆ, ಏನೂ ಕೆಡದಿದ್ದಲ್ಲಿ ಮಾತ್ರ ಉಳಿದವರಿಗೆ ಕಳುಹಿಸುವ ಕ್ರಮಕ್ಕೆ ಬಂದಿತು. ಯಾವಾಗ ಸ್ವೀಕರಿಸಬೇಕೆಂಬುದರಲ್ಲಿ ಗ್ರಾಹಕರಿಗೂ ಆಯ್ಕೆಯ ಅವಕಾಶ ದೊರೆಯಿತು. ಕಡತದ ಅಂಶಗಳ ಸಂಖ್ಯೆಯನ್ನು ಎಣಿಸಿ ನೋಡುವ ಪರೀಕ್ಷೆಯೊಂದು ಆಕೆಯ ಪ್ರಶ್ನಪತ್ರಿಕೆಗಳ ಸಾಲಿಗೆ ಹೊಸದಾಗಿ ಸೇರಿತು.